ಕಲ್ಲಿಗೆ ಹಾಸಿದ ಕಂಬಳಿ

ನಿಜಾಮರ ಕಾಲದಲ್ಲಿ, ಕಂಗ್ಟಿ ಕಡೆಯ ಬಯಲಿನಲ್ಲಿ ನಮ್ಮ ಹಿರಿಯರ ಸಮಾಧಿಯ ಸುತ್ತ ವೃತ್ತವಾಗಿ ನಿಂತಿದ್ದ ಪುರಾತನ ಕಲ್ಲುಗಳನ್ನು ಜಮೀನುದಾರರ ವಾಡೆಯವರು ತಮ್ಮ ದೊಡ್ಡ ಮನೆಯ ಮೆಟ್ಟಿಲಿಗಾಗಿ ಕೀಳಿಸಿದರು. ಆ ಬಿಟ್ಟಿ ಚಾಕರಿಯನ್ನು ನನ್ನ ಅಜ್ಜನಿಗೇ ಹೊರಿಸಿದರು. ಒದ್ದೆ ಕಂಬಳಿಯ ವಾಸನೆ ಬಂದರೆ ಇಂದಿಗೂ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ. ಜಿಟಿಜಿಟಿ ಮಳೆಯಲ್ಲಿ ಅಜ್ಜ ತಾನು ಹೊದ್ದಿದ್ದ ಕಂಬಳಿಯನ್ನು ಬಂಡಿಯಲ್ಲಿ ಹಾಸಿ, ಅದರ ಮೇಲೆ ಕಲ್ಲನ್ನು ಮಲಗಿಸಿದ.

“ಏ ಮುದುಕ, ಕಲ್ಲಿಗಿ ಥಂಡಿ ಹತ್ತತದೇನು?” ಎಂದು ವಾಡೆಯ ಕಾರಭಾರಿ ನಕ್ಕ.

“ಹಿರ್ಯಾರು ಅದಾರ್ರಿ. ಬಂಡಿ ಭಾಳ ಕುಲುಕ್ತದ,” ಎಂದ ಅಜ್ಜ.

ಆಮೇಲೆ ಎಂಥ ಚಳಿಯಲ್ಲೂ ಅವನು ಆ ಕಂಬಳಿ ಹೊದೆಯಲಿಲ್ಲ. ನಾನು ಹೊದಿಸಹೋದರೆ, “ಬ್ಯಾಡ ತಮ್ಮಾ, ಹಿರ್ಯಾರ ಮನಿ ಕಿತ್ತಾಂವ ನಾ,” ಎನ್ನುತ್ತಿದ್ದ.

ವಾಡೆಯವರೇ, ಕಲ್ಲುಗಳು ನಿಮ್ಮ ಮೆಟ್ಟಿಲಾದವು. ಅವನ್ನು ಕಿತ್ತ ಪಾಪ ಮಾತ್ರ ನನ್ನ ಅಜ್ಜನ ಪಾಲಿಗೇಕೆ ಬಂತು?