ಚಿರತೆಯ ಕಣ್ಣು

ಮೃಗಾಲಯದ ಜಾಲರಿಗೆ ಕ್ಯಾಮೆರಾ ಆನಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯ ಬೆಕ್ಕಿಗೆ ಟೋಪಿ ಹಾಕಿ ಕ್ಲಿಕ್ಕಿಸುವವರೂ ಅದೇ ಪೈಕಿ. ನನ್ನ ಛಾಯಾಚಿತ್ರ ಪ್ರದರ್ಶನದ ಉದ್ಘಾಟನೆಯ ದಿನ ಮೈಕ್ ಹಿಡಿದು ಇದನ್ನೇ ಹೇಳಿದೆ. "ನಾನು ಟಿಕೆಟ್ ಕೊಂಡು ಪ್ರಾಣಿ ನೋಡುವವನಲ್ಲ" ಎಂದಾಗ ಜನ ಚಪ್ಪಾಳೆ ತಟ್ಟಿದರು. ನನ್ನ ಬೆನ್ನ ಹಿಂದೆ, ಗೋಡೆಯ ತುಂಬ, ಪ್ರಶಸ್ತಿ ಬಂದ ನನ್ನ ಚಿರತೆ ತಲೆಯೆತ್ತಿ ದಿಟ್ಟಿಸುತ್ತಿತ್ತು.

ಒಬ್ಬ ಮುದುಕ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದವನು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತ.

"ದೂರ ನಿಂತು ನೋಡಿ ಯಜಮಾನ್ರೇ. ಇದು ಅಂಗಡಿ ಕ್ಯಾಲೆಂಡರ್ ಅಲ್ಲ" ಎಂದೆ.

"ಯಾವ ಕಾಡು ಸಾರ್ ಇದು?"

"ಹೇಳಿದರೆ ನಿಮಗೆ ಗೊತ್ತಾಗುತ್ತಾ? ಒಂಬತ್ತು ದಿನ ಮರದ ಮೇಲೆ ಕೂತು ತೆಗೆದದ್ದು."

"ತೆಗೆದಿದ್ದು ಸೋಮವಾರ ಅಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. "ಸೋಮವಾರ ಯಾವುದು, ಶುಕ್ರವಾರ ಯಾವುದು ಅಂತ ಕಾಡಿನ ಚಿರತೆಗೆ ಏನು ಗೊತ್ತು ರೀ?"

ಸುತ್ತ ನಿಂತವರೂ ನಕ್ಕರು. ಮುದುಕ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಚಿರತೆಯ ಕಣ್ಣಿನ ಹತ್ತಿರ ಬೆರಳು ಒಯ್ದ.

"ಇವಳಿಗೆ ಗೊತ್ತು ಸಾರ್. ನಮ್ಮ ಝೂನಲ್ಲಿ ಸೋಮವಾರ ಇವಳಿಗೆ ಉಪವಾಸ. ಅವತ್ತು ಖಾಲಿ ಬಕೆಟ್ ಹಿಡಿದು ಹೋದರೆ ಹಿಂಗೇ ನೋಡ್ತಾಳೆ. ಬೇಕಾದ್ರೆ ಹತ್ತಿರ ಬಂದು ನೋಡಿ, ಕಣ್ಣೊಳಗೆ ಬಕೆಟ್ ಹಿಡಿದು ನಿಂತಿರೋನು ನಾನೇ."