ಎರಡನೆಯ ಬೆರಳು

ಭುವನಾಳಿಗೆ ಅವಳ ಪಾದದಷ್ಟು ಅಗಲದ ಬೂಟು ಇರಲಿಲ್ಲ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕಸ ಗುಡಿಸುವ ಹೆಂಗಸರಿಗೆಲ್ಲ ಸಾಹುಕಾರ ಒಂದೇ ನಂಬರಿನ, ಮುಂದೆ ಇಕ್ಕಟ್ಟಾದ ಬೂಟು ಕೊಡಿಸಿದ್ದ. ಒಳಗಿನ ಚಳಿಗೆ ಬರಿಗಾಲಲ್ಲಿ ನಿಲ್ಲಲಾಗದು. 2001ರಿಂದ ಆರು ವರ್ಷ ಅದರಲ್ಲೇ ಕಾಲು ತುರುಕಿದಳು. ಈಗ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ನಿಂಬೆಕಾಯಿಯಷ್ಟು ಗಂಟು. ಹೆಬ್ಬೆರಳು ಒಳಕ್ಕೆ ಹೊರಳಿ ಪಕ್ಕದ ಬೆರಳನ್ನು ಒತ್ತುತ್ತಿತ್ತು. ಆ ಬೆರಳಿನಲ್ಲಿ ಬೆಳ್ಳಿಯ ಕಾಲುಂಗುರ, ಅದರ ಕೆಳಗೆ ಹುಣ್ಣು.

ಡಾಕ್ಟರ್ ಸುಧಾರಾಣಿ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ ನೋಡಿದರು. "ನಿಮ್ಮವ್ವಗೂ ಹಿಂಗ ಗಂಟಿತ್ತೇನು?"

"ಇತ್ರಿ. ಆದ್ರ ಆಕಿ ಬರಿಗಾಲಾಗ ಅಡ್ಡಾಡ್ತಿದ್ಲು. ಇಷ್ಟು ನೋವಿರಲಿಲ್ಲ."

"ಪಾದ ಅವ್ವಂದು, ನೋವು ಬೂಟಿಂದು. ಮುಂದ ಅಗಲ ಇರೋ ಚಪ್ಪಲಿ ಹಾಕ್ರಿ, ಬೆರಳ ನಡುವ ಹತ್ತಿ ಇಡ್ರಿ. ಗಂಟಿಂದು ಆಮ್ಯಾಲೆ ನೋಡೂಣು. ಅವಸರ ಇರೋದು ಉಂಗುರದ್ದು. ಶುಗರ್ ಐತಿ ನಿಮಗ. ಇವತ್ತ ಕತ್ತರಿಸಿ ತೆಗೀಲಿಲ್ಲ ಅಂದ್ರ ಬೆರಳು ಹೋಗ್ತೈತಿ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಮುತ್ತವ್ವ ಒಳಗೆ ಬಂದಳು. "ನನ್ನ ಮಗ ಇಲ್ಲೇ ಕಣ್ಮುಂದ ಅದಾನ್ರೀ ಬಾಯಾರ. ಕಾಲುಂಗುರ ತೆಗಿಯೂದು ಅಂದ್ರೇನು ಗೊತ್ತೈತೇನು ನಿಮಗ?"

"ಗೊತ್ತೈತಿ. ಹುಣ್ಣು ಅಂದ್ರೇನು ಅನ್ನೋದೂ ಗೊತ್ತೈತಿ."

"ಮುಲಾಮು ಕೊಡ್ರಿ, ಸಾಕು," ಎಂದ ಗಂಡ ವೀರೇಂದ್ರ. "ಹೋದ ತಿಂಗಳ ಗಾಡಿ ಮ್ಯಾಲಿಂದ ಬಿದ್ದೇನಿ. ಅವ್ವ ಹೆದರ್ಯಾಳ."

ಭುವನಾ ಅವನ ಕೈ ನೋಡಿದಳು. "ಲಗ್ನದಾಗ ನಮ್ಮಪ್ಪ ಹಾಕಿದ ಉಂಗುರ ಎಲ್ಲೈತ್ರಿ?"

"ಮೆಣಸಿನಕಾಯಿ ಚೀಲ ಎತ್ತುವಾಗ ಒತ್ತತೈತಿ. ಬೆರಳು ಬಾತಿತ್ತು, ತೆಗದಿಟ್ಟೇನಿ. ಅದ್ಯಾಕ ಈಗ?"

"ನೀವು ತೆಗದು ಎಂಟು ವರ್ಷಾತು. ನಾ ಸತ್ನೇನು?"

ಡಾಕ್ಟರ್ ನಕ್ಕು ಇಕ್ಕಳ ಕೈಗೆತ್ತಿಕೊಂಡರು. "ಅರ್ಧ ನಿಮಿಷದ ಕೆಲಸ."

"ತೆಗೀರಿ," ಎಂದಳು ಭುವನಾ.

"ತೆಗಿಸ್ಕೊ," ಮುತ್ತವ್ವ ದನಿ ಏರಿಸಲಿಲ್ಲ. "ಆದ್ರ ಬೋಳು ಬೆರಳಿಟ್ಕೊಂಡು ನನ್ನ ಹೊಸ್ತಿಲ ತುಳಿಬ್ಯಾಡ. ನಿನ್ನ ಹುಡುಗರಿಬ್ಬರೂ ನಮ್ಮಲ್ಲೇ ಇರ್ತಾವ."

ವೀರೇಂದ್ರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅವನು ಈ ಕಡೆ ತಿರುಗಲಿ ಎಂದು ಭುವನಾ ಕಾದಳು. ತಿರುಗಲಿಲ್ಲ. ಅವಳು ಸ್ಟೂಲಿನಿಂದ ಕಾಲಿಳಿಸಿದಳು.

"ಅದು ಆಕಿ ಬೆರಳ್ರೀ, ನಿಮ್ಮ ಆಯುಷ್ಯ ಅಲ್ಲ!" ಡಾಕ್ಟರ್ ವೀರೇಂದ್ರನ ಬೆನ್ನಿಗೆ ಕೂಗಿದರು. ಅವನು ಆಗಲೇ ಗಾಡಿಯ ಕೀಲಿಗಾಗಿ ಜೇಬು ತಡಕುತ್ತಿದ್ದ.

ಹತ್ತೊಂಬತ್ತನೆಯ ದಿನ ಹಾವೇರಿಯ ಆಸ್ಪತ್ರೆಯಲ್ಲಿ ಕಪ್ಪಾದ ಬೆರಳನ್ನು ತೆಗೆದರು. ಅದಕ್ಕೂ ಮೊದಲು ಉಂಗುರ ಕತ್ತರಿಸಿದರು. ಈ ಸಲ ಯಾರೂ ಅಡ್ಡ ಬರಲಿಲ್ಲ. ಮುತ್ತವ್ವ ಆ ಉಂಗುರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ, ಅಕ್ಕಸಾಲಿಗನಿಂದ ಬೆಸೆಸಿ ತಂದು, ಗಾಯ ಮಾಯುವ ಮುಂಚೆಯೇ ಮೂರನೆಯ ಬೆರಳಿಗೆ ತೊಡಿಸಿದಳು.

ವೀರೇಂದ್ರ ಚೆನ್ನಾಗಿದ್ದಾನೆ. ಭುವನಾಳ ಕಾಲುಂಗುರ ಎರಡೂ ಇವೆ. ಬೆರಳು ಒಂಬತ್ತು.