ಪತ್ರಿಕೆಯಲ್ಲಿ ಬಂದ ತಂಗಿ

ಯಾದಗಿರಿಯಲ್ಲಿ ಕಾಲುವೆ ಕಟ್ಟಿದ ಕಾಲದ ಫೋಟೋಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ; ಗೋಡೆಯ ಮೇಲೆ ನನ್ನ ತಂಗಿ ಇದ್ದಾಳೆ, ಕೆನ್ನೆ ಖಾಲಿ.

ಹುಣಸಗಿ ಹತ್ತಿರ ಕಾಲುವೆ ತೋಡುವಾಗ ಅವ್ವ ಮಣ್ಣು ಹೊರುತ್ತಿದ್ದಳು. ಜಾಲಿ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸು ಮಲಗಿತ್ತು. ಕ್ಯಾಮೆರಾದವನು ಕೇಳಿದನೆಂದು ಅದರ ಮುಖದ ಮೇಲಿನ ಬಟ್ಟೆ ಸರಿಸಿದವಳು ನಾನು. ತಿಂಗಳೊಳಗೆ ಕೂಸು ಜ್ವರ ಬಂದು ತೀರಿಕೊಂಡಿತು.

ಆಮೇಲೊಂದು ಮಧ್ಯಾಹ್ನ ಶಾಲೆಯ ಮಾಸ್ತರರು ಆ ಫೋಟೋ ಬಂದಿದ್ದ ಪತ್ರಿಕೆಯನ್ನು ತಂದುಕೊಟ್ಟು ಹೋದರು. ಅವ್ವ ಅದನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಳು.

"ಒಲಿಯಾಗ ಹಾಕು ಅದನ್ನ," ಎಂದಳು ಆಯಿ, ಅಪ್ಪನ ತಾಯಿ. "ವರ್ಷ ತುಂಬದ ಕೂಸಿನ ಫೋಟೋ ತಗಸ್ತಾರೇನು? ಅದಕ್ಕ ನೆದರ ಬಡದು ಹೋತು. ಮಾರಿ ಮ್ಯಾಲಿನ ಅರಿವಿ ಯಾರು ತಗದ್ರು?"

ನಾನು ಹೊಸ್ತಿಲ ಸಗಣಿಯನ್ನು ಉಗುರಿನಿಂದ ಕೆರೆಯುತ್ತಿದ್ದೆ.

"ಗಾಳಿಗಿ ಸರದಿತ್ರಿ ಅತ್ತಿ," ಎಂದಳು ಅವ್ವ. ಅವತ್ತು ಎಲೆಯೂ ಅಲುಗಿರಲಿಲ್ಲ.

ಅವಳು ಎದ್ದು, ಗೂಡಿನಲ್ಲಿ ಹಾಗೆಯೇ ಇದ್ದ ಕೂಸಿನ ಕಾಡಿಗೆ ಡಬ್ಬಿ ತೆರೆದಳು. ಹರಳೆಣ್ಣೆಯ ವಾಸನೆ ಬಂತು. ಕಾಗದದೊಳಗಿನ ಕೂಸಿನ ಕೆನ್ನೆಗೆ ದೃಷ್ಟಿ ಬೊಟ್ಟು ಇಟ್ಟಳು. ಆಮೇಲೆ ಅದೇ ಬೆರಳಿನಿಂದ, ಒಂಬತ್ತು ತುಂಬಿದ್ದ ನನ್ನ ಕೆನ್ನೆಗೂ ಒಂದು ಇಟ್ಟಳು.